ನಡುಗಂಬವಿಲ್ಲದ ಪಡಸಾಲೆ

ಆ ಆಟದಲ್ಲಿ ನೆಲಕ್ಕೆ ತಾಗಿದ್ದೆಲ್ಲ ಗಟ್ಟಿ. ನೆಲದ ಮೇಲೆ ಕಂಬ ನಿಲ್ಲಿಸಿ ಅದರ ಮೇಲೆ ಬೆರಳಿಟ್ಟರೆ ಹಸಿರು ಬಣ್ಣ ತೋರಿಸುತ್ತದೆ. ಕಂಬದ ಮೇಲೆ ತೊಲೆ ಹಾಕಿ, ತೊಲೆಯಿಂದ ಹಲಗೆ ಜೋಡಿಸುತ್ತ ನಡುವಿಗೆ ಬಂದಂತೆಲ್ಲ ಹಸಿರು ಹಳದಿಯಾಗುತ್ತದೆ, ಹಳದಿ ಕೆಂಪಾಗುತ್ತದೆ. ಕೆಂಪಾದ ಮೇಲೂ ಭಾರ ಹೇರಿದಿರೋ, ಮುಗಿಯಿತು, ಇಡೀ ಮಾಳಿಗೆ ಧಡಾರನೆ ತಲೆಯ ಮೇಲೆ ಬೀಳುತ್ತದೆ. ನಡುವೆ ಒಂದು ಕಂಬ ಕೊಟ್ಟರೆ ಸಾಕು, ಎಲ್ಲ ಮತ್ತೆ ಹಸಿರು. ಇದು ನನಗೂ ನನ್ನ ನೆಗೆಣ್ಣಿಗೂ, ಅಂದರೆ ನನ್ನ ಮೈದುನನ ಹೆಂಡತಿಗೂ, ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾವು ನಡುವೆ ಕಂಬ ಹಾಕಲಿಲ್ಲ.

ನಲವತ್ತು ದಾಟಿದ ಹೆಂಗಸು ಮೊಬೈಲಿನಲ್ಲಿ ಮನೆ ಕಟ್ಟುವ ಆಟ ಆಡುತ್ತಿದ್ದಳು ಎಂದು ನಗುವವರು ನಗಲಿ. ನಾನೂ ಮೊದಲು ಹಾಗೇ ಅಂದವಳು. ಸಂಶಿಯಿಂದ ನವಲಗುಂದದ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದು ಅಡುಗೆ, ಹೊಲ, ಅತ್ತೆಯ ಆರೈಕೆ ಅಂತ ಅರ್ಧ ಆಯುಷ್ಯ ಸವೆಸಿದ್ದೆ. ಮೊಬೈಲು ನನಗೆ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದ ಮಗಳ ಧ್ವನಿ ಕೇಳಲಿಕ್ಕೆ ಮಾತ್ರ ಬೇಕಾಗಿತ್ತು. ಹೊಸ ಸೊಸೆಯಾಗಿ ಬಂದ ಈ ನೆಗೆಣ್ಣಿ ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಮೊಬೈಲು ತೆಗೆದರೆ ನನಗೆ ಮೈ ಉರಿಯುತ್ತಿತ್ತು. ಹೊತ್ತು ಹೋಗದವರ ಕೆಲಸ ಎಂದು ಗೊಣಗುತ್ತಿದ್ದೆ. ಅವಳು ನನ್ನ ಗೊಣಗಾಟಕ್ಕೆ ಕಿವಿಗೊಡದೆ ಒಂದು ದಿನ ಮೊಬೈಲನ್ನು ನನ್ನ ಕೈಗೇ ಕೊಟ್ಟಳು. ಪರದೆಯೊಳಗೆ ನಾನು ಕಾಡಿನ ನಡುವೆ ನಿಂತಿದ್ದೆ. ಮರ ಕಡಿಯಬೇಕು, ಕಲ್ಲು ಒಡೆಯಬೇಕು, ಕತ್ತಲಾಗುವುದರೊಳಗೆ ನಾಲ್ಕು ಗೋಡೆ ಎಬ್ಬಿಸದಿದ್ದರೆ ಕಾಡುಪ್ರಾಣಿಗಳು ಹರಿದು ತಿನ್ನುತ್ತವೆ. ಅವತ್ತು ಸಂಜೆ ಹಾಲು ಕಾಯಿಸಲಿಕ್ಕೆ ಇಟ್ಟು ಮರೆತೆ. ಉಕ್ಕಿ ಒಲೆಯೆಲ್ಲ ಹಾಲಾಯಿತು.

ನಾನು ಕಟ್ಟಿದ ಮೊದಲ ಮನೆಯನ್ನು ನೋಡಿ ಅವಳು ಎಷ್ಟು ನಕ್ಕಳೆಂದರೆ, ಎದ್ದು ಹೋಗಿ ನೀರು ಕುಡಿದು ಬರಬೇಕಾಯಿತು. ನಾನು ಮಾಡಿದ್ದೇನು? ಗೋಡೆ ಎಬ್ಬಿಸುವ ಮೊದಲು ಆಳವಾಗಿ ತಗ್ಗು ತೋಡಿ, ತಗ್ಗಿನ ತುಂಬ ಕಲ್ಲು ತುಂಬಿದ್ದೆ. ನಮ್ಮ ಕಡೆಯ ಎರೆ ನೆಲದಲ್ಲಿ ಹಾಗೆ ಮಾಡದಿದ್ದರೆ ಮನೆ ಉಳಿಯುವುದಿಲ್ಲ. ಬೇಸಿಗೆಯಲ್ಲಿ ನೆಲ ಕೈ ತೂರಿಸುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಗೋಡೆಗಳು ಸೀಳುತ್ತವೆ.

"ಅಕ್ಕಾರ, ಇದರಾಗ ಎರಿ ಇಲ್ರಿ. ಈ ನೆಲಾ ಎಂದೂ ಬಿರಿಯಂಗಿಲ್ಲ," ಅಂದಳು.

ಎಂದೂ ಬಿರಿಯದ ನೆಲ ಎಂಬುದೊಂದು ಇರುತ್ತದೆ ಎಂದು ನಂಬಲಿಕ್ಕೆ ನನಗೆ ಬಹಳ ದಿನ ಬೇಕಾದವು. ಅವಳು ಕಲಘಟಗಿ ಕಡೆಯ ದುಮ್ಮವಾಡದವಳು, ಹಂಚಿನ ಮನೆಯಲ್ಲಿ ಬೆಳೆದವಳು. ನಮ್ಮ ಮಣ್ಣಿನ ಮಾಳಿಗೆ ಅವಳಿಗೆ ಮೊದಲಿನಿಂದಲೂ ತಮಾಷೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ, ಬಡಿದು ದಮ್ಮಸು ಮಾಡಿ, ನೀರು ಇಳಿಯದ ಹಾಗೆ ಮಾಡುತ್ತೇವಲ್ಲ, ಅದನ್ನು ನೋಡಿ ತಲೆಯ ಮೇಲೆ ಹೊಲ ಹೊತ್ತುಕೊಂಡು ಮಲಗುತ್ತೀರಿ ಎಂದು ಕಾಡಿಸುತ್ತಿದ್ದಳು. ನಾನು ಆಟದಲ್ಲಿ ಕಟ್ಟಿದ ಮಾಳಿಗೆಗೂ ಮಣ್ಣು ಹಾಕುತ್ತಿದ್ದೆ. ಬೇಡ, ಇದಕ್ಕೆ ಮಣ್ಣು ಬರೀ ಭಾರ ಎಂದು ಅವಳು ಎಷ್ಟು ಹೇಳಿದರೂ ನನ್ನ ಕೈ ಕೇಳುತ್ತಿರಲಿಲ್ಲ.

ಅವಳಿಗೆ ತಾಯಿ ಇರಲಿಲ್ಲ. ಸಣ್ಣವಳಿದ್ದಾಗಲೇ ಹೋಗಿದ್ದಳಂತೆ, ಸಾಕಿದ್ದು ಚಿಗವ್ವ. ಮದುವೆಯಾಗಿ ನಾಲ್ಕೈದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಊರ ಹೆಂಗಸರು ಎದುರಾದಾಗಲೆಲ್ಲ ಅವಳ ಹೊಟ್ಟೆಯ ಕಡೆ ಕಣ್ಣು ಹಾಯಿಸಿ ಮಾತು ಶುರು ಮಾಡುವವರು. ಒಮ್ಮೆ ಯಾರದೋ ಮನೆಯ ಕುಬಸದಿಂದ ಬಂದವಳು ಸೀರೆ ಸಹ ಬದಲಿಸದೆ ಕಂಬಕ್ಕೆ ಒರಗಿ ಕುಳಿತಿದ್ದಳು. ಮೊಬೈಲು ತೆಗೆದಿರಲಿಲ್ಲ. ಕುಬಸ ಅಂದರೆ ಬಸುರಿಯ ಉಡಿ ತುಂಬುವುದು, ನಮ್ಮ ಕಡೆ ಅದು ತಾಯಿ ಮುಂದೆ ನಿಂತು ಮಾಡಿಸುವ ಕೆಲಸ. ತನಗೆ ಆ ದಿನ ಬಂದರೂ ಮುಂದೆ ಯಾರು ನಿಲ್ಲುತ್ತಾರೆ ಎಂಬುದು ಅವಳ ಸಂಕಟ ಎಂದು ನನಗೆ ತಿಳಿಯಿತು.

"ನಿನ್ನ ಕುಬಸ ನಾ ಮಾಡ್ತೀನಿ ಬೇ. ನಿಮ್ಮವ್ವ ಇಲ್ಲಂತ ಉಡಿ ಖಾಲಿ ಬಿಡ್ತೀನೇನು?" ಅಂದೆ.

ಬೇರೆ ಏನೂ ಹೇಳಲು ತೋಚದೆ ಆಡಿದ ಮಾತಲ್ಲ ಅದು. ಮನಸ್ಸಿಟ್ಟು ಆಡಿದ್ದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಅತ್ತೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ಕೆಟ್ಟಿತು. ಶುರುವಾಗಿದ್ದು ಟ್ರ್ಯಾಕ್ಟರಿನಿಂದ. ಹೆಸರುಕಾಳು ಬಿತ್ತುವ ಹೊತ್ತಿಗೆ ಮೊದಲು ಯಾರ ಪಾಲಿನ ಹೊಲಕ್ಕೆ ಹೊಡೆಯಬೇಕು ಎಂಬ ಜಗಳ. ಅದು ಎಲ್ಲಿಂದೆಲ್ಲಿಗೋ ಹೋಯಿತು. ಹದಿನೈದು ವರ್ಷದ ಹಿಂದಿನ ಮಾತುಗಳೆಲ್ಲ ಎದ್ದು ಬಂದವು. ಇಬ್ಬರದೂ ಒಂದೇ ಮೂಗು, ಒಂದೇ ಹಟ. ಹಿರಿಯರು ಬಂದು ಕುಳಿತು ವಾಟ್ನಿ, ಅಂದರೆ ಮನೆ ಹೊಲದ ಪಾಲು, ಮಾಡಿಕೊಟ್ಟು ಚಹಾ ಕುಡಿದು ಹೋದರು. ಮೊದಲು ಒಲೆ ಬೇರೆಯಾಯಿತು. ಸಂಕ್ರಾಂತಿ ಮುಗಿದ ಮೇಲೆ ಪಡಸಾಲೆಯ ನಟ್ಟನಡುವೆ ಸಿಮೆಂಟ್ ಬ್ಲಾಕಿನ ಗೋಡೆ ಎದ್ದಿತು.

ಗೌಂಡಿ ಬಹಳ ಖುಷಿಯಿಂದ ಕಟ್ಟಿದ. ನಡುವಿನ ದೊಡ್ಡ ತೊಲೆ ಬಾಗಿತ್ತು, ಒಬ್ಬಂಟಿ ಕಂಬ ಎಷ್ಟು ವರ್ಷ ತಡೆದೀತು, ಈಗ ಗೋಡೆಯೇ ಹೊತ್ತುಕೊಂಡಿತು, ಇನ್ನು ನಿಮ್ಮ ಮನೆ ಅಗದಿ ಗಟ್ಟಿ ಎಂದು ಇಬ್ಬರಿಗೂ ಹೇಳಿದ. ನಾವಿಬ್ಬರೂ ಬೆನ್ನು ಕೊಟ್ಟು ಕೂಡುತ್ತಿದ್ದ ಕಂಬ ಗೋಡೆಯೊಳಗೆ ಹೋಯಿತು. ಅವನ ಮಾತು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಅವನದೇನು ತಪ್ಪು? ಕಟ್ಟೆನ್ನುವವರಿಗೆ ಕಟ್ಟಿದ.

ಆ ಕಡೆಯವರ ಜೊತೆ ಮಾತಿಲ್ಲ, ಕೊಡುವ ಕೊಳ್ಳುವ ವ್ಯವಹಾರವಿಲ್ಲ ಎಂದು ನಮ್ಮವರು ಅಪ್ಪಣೆ ಮಾಡಿದರು. ಆ ಕಡೆ ಮೈದುನನೂ ಅದನ್ನೇ ಅಂದಿರಬೇಕು. ಅವಳು ಬೀದಿಯಲ್ಲಿ ಎದುರಾದರೆ ಕಣ್ಣು ಕೆಳಗೆ ಹಾಕಿ ಹೋಗುವಳು, ಹಿಂದೆ ಗಂಡ ಇರುತ್ತಿದ್ದ. ಫೋನು ಮಾಡಿದರೆ ಯಾರು ಯಾರಿಗೆ ಮಾಡಿದರೆಂದು ಆಮೇಲೆ ತೆಗೆದು ನೋಡುತ್ತಾರೆ ಎಂಬ ಹೆದರಿಕೆ. ಮಧ್ಯಾಹ್ನಗಳು ನನ್ನನ್ನು ತಿನ್ನತೊಡಗಿದವು. ಕೈಯಲ್ಲಿ ಕೆಲಸವಿದ್ದರೂ ಮನಸ್ಸು ಗೋಡೆಯ ಕಡೆ.

ಒಂದು ಮಧ್ಯಾಹ್ನ ಮಗಳಿಗೆ ಫೋನು ಹತ್ತಲಿಲ್ಲವೆಂದು ಮೊಬೈಲಿನಲ್ಲಿ ಅದೂ ಇದೂ ಒತ್ತುತ್ತಿದ್ದೆ. ವೈಫೈ ಸಾಲಿನಲ್ಲಿ ಒಂದು ಹೊಸ ಹೆಸರು ಬಂತು: "ಒಳಗ ಬರ್ರಿ". ಅವಳದೇ. ನಾವು ಆಡುವಾಗ ಅವಳ ಮೊಬೈಲಿನ ಹಾಟ್‌ಸ್ಪಾಟಿಗೆ ನನ್ನ ಮೊಬೈಲು ಜೋಡಿಸಿಕೊಂಡು ಅವಳ ಲೋಕದೊಳಗೆ ಹೋಗುವುದು ರೂಢಿ. ಆ ಲೋಕ ಇದ್ದದ್ದು ಅವಳ ಮೊಬೈಲಿನಲ್ಲಿ. ಅವಳು ಬಾಗಿಲು ತೆರೆದರೆ ಮಾತ್ರ ನನಗೆ ಪ್ರವೇಶ. ಗೋಡೆಗೆ ಹತ್ತಿ ಕುಳಿತು ಹಳೆಯ ಪಾಸ್‌ವರ್ಡು ಹಾಕಿದೆ. ಹತ್ತಿತು. ಕಾಡಿನ ಆ ಬಯಲಿನಲ್ಲಿ ಅವಳು ನಿಂತಿದ್ದಳು, ನನ್ನನ್ನು ನೋಡಿದ್ದೇ ಕುಪ್ಪಳಿಸತೊಡಗಿದಳು. ನಾನೂ ಕುಪ್ಪಳಿಸಿದೆ. ಬ್ಲಾಕಿನ ಗೋಡೆಯಾಚೆ ಅವಳ ಬಳೆ ಸದ್ದು ಸಣ್ಣಗೆ ಕೇಳಿಸಿತು.

ಅಂದಿನಿಂದ ನಾವು ಅಲ್ಲಿ ನಮ್ಮ ಮನೆ ಕಟ್ಟತೊಡಗಿದೆವು. ಮಾತಾಡುವ ಹಾಗಿಲ್ಲ, ಕೇಳಿಸುತ್ತದೆ. ಆಟದಲ್ಲಿ ಗೋಡೆಗೆ ಬಡಿಯುವ ಹಲಗೆಯ ಮೇಲೆ ನಾಲ್ಕು ಅಕ್ಷರ ಬರೆಯಬಹುದು, ಅದರಲ್ಲೇ ನಮ್ಮ ಮಾತು. ಊಟ ಆತೇನ್ರಿ. ಮೆಣಸಿನಕಾಯಿ ಒಣಗಿದವಾ. ನಮ್ಮ ಹಳೆಯ ಮನೆಯ ಹಾಗೇ ಉದ್ದನೆಯ ಪಡಸಾಲೆ, ಒಂದು ಬದಿಗೆ ಅಡುಗೆಮನೆ, ಅದರಲ್ಲಿ ಒಂದೇ ಒಲೆ. ಮಾಳಿಗೆ ಹಾಕುವಾಗ ಹಲಗೆಗಳು ಕೆಂಪಾದವು. ನಾನು ಕಂಬ ತಂದು ನಡುವೆ ನಿಲ್ಲಿಸಲು ಹೋದೆ. ಅವಳು ಓಡಿ ಬಂದು ನನ್ನೆದುರಿಗೆ ನಿಂತಳು, ಹಲಗೆ ಬಡಿದಳು: "ನಡುವ ಏನೂ ಬ್ಯಾಡ್ರಿ ಅಕ್ಕಾರ."

ಸರಿ, ಬೇಡ. ನನಗೂ ಬೇಡವಾಗಿತ್ತು. ಗೋಡೆಗಳ ಉದ್ದಕ್ಕೂ ಕಂಬ ಹೆಚ್ಚಿಸಿದೆವು, ಓರೆಯಾಗಿ ಆಸರೆ ಕೊಟ್ಟೆವು, ಕಲ್ಲಿನ ಗೋಡೆ ದಪ್ಪ ಮಾಡಿದೆವು. ಆದರೂ ನಾಲ್ಕು ದಿನಕ್ಕೊಮ್ಮೆ ಎಲ್ಲೋ ಒಂದು ಕಡೆ ಕುಸಿಯುವುದು. ಮತ್ತೆ ಮರ ಕಡಿಯುವುದು, ಮತ್ತೆ ಕಟ್ಟುವುದು. ಹುಚ್ಚರ ಹಾಗೆ. ಒಂದು ಕಂಬ ಹಾಕಿದ್ದರೆ ಎರಡು ನಿಮಿಷದ ಕೆಲಸ. ನಮ್ಮ ಹಟವೂ ನಮ್ಮ ಗಂಡಂದಿರಷ್ಟೇ ಇತ್ತು.

ಶಿವರಾತ್ರಿ ಹೊತ್ತಿಗೆ ಒಂದು ಮಧ್ಯಾಹ್ನ ಒಳಗೆ ಹೋದರೆ ಒಲೆಯ ಮೇಲೆ ಹೊಸ ಹಲಗೆ ಇತ್ತು. ಮೂರು ತಿಂಗಳಾತ್ರಿ ಎಂದು ಬರೆದಿತ್ತು. ನನಗೆ ಓದಿದ್ದು ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕೂಗದಿರಲಿಕ್ಕೆ ಸೆರಗು ಬಾಯಿಗೆ ತುರುಕಿಕೊಂಡೆ. ಎದ್ದು ಹೋಗಿ ಅವಳ ತಲೆ ನೇವರಿಸಬೇಕು, ಏನು ತಿನ್ನಬೇಕೆನಿಸುತ್ತದೆ ಎಂದು ಕೇಳಬೇಕು. ಅಂಗೈಯಗಲ ದಪ್ಪದ ಬ್ಲಾಕು ಅಡ್ಡ. ಗೋಡೆಯ ಮೇಲೆ ಕೈ ಇಟ್ಟು ಕುಳಿತೆ. ಸಿಮೆಂಟು ತಣ್ಣಗಿತ್ತು.

ಕುಬಸ ಕಾರಹುಣ್ಣಿಮೆ ಆದ ಮೇಲೆ ಆಯಿತು. ದುಮ್ಮವಾಡದಿಂದ ಚಿಗವ್ವ ಬಂದಳು. ನಮ್ಮನ್ನು ಕರೆಯಲಿಲ್ಲ. ಕರೆದರೂ ಕಳಿಸುವುದಿಲ್ಲವೆಂದು ನಮ್ಮವರು ಮೊದಲೇ ಹೇಳಿದ್ದರು. ಹೋಳಿಗೆಯ ವಾಸನೆ, ಆರತಿ ಹಾಡು, ಹೆಂಗಸರ ನಗು, ಎಲ್ಲ ಗೋಡೆ ದಾಟಿ ಬಂದವು. ನಾನು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕಡಲೆ ಹಸನು ಮಾಡುತ್ತ ಕುಳಿತೆ. ಕಣ್ಣು ತುಂಬಿ ಕಲ್ಲು ಯಾವುದು ಕಾಳು ಯಾವುದು ತಿಳಿಯುತ್ತಿರಲಿಲ್ಲ. ಆಡಿದ ಮಾತು ಉಳಿಸಿಕೊಳ್ಳಲಾಗದ ಸಂಕಟ ಅದು, ಬೇರೆ ಯಾವುದೂ ಅಲ್ಲ.

ಮರುದಿನ ಮಳೆ ಹಿಡಿದಿತ್ತು. ಗಂಡಸರು ಹೊಲಕ್ಕೆ ಹೋಗಿರಲಿಲ್ಲ. ನಮ್ಮವರಿಗೆ ಅಡುಗೆಮನೆಯಲ್ಲಿ ಊಟಕ್ಕೆ ಇಕ್ಕಿ, ಪಡಸಾಲೆಗೆ ಬಂದು ಮೊಬೈಲು ನೋಡಿದೆ. "ಒಳಗ ಬರ್ರಿ" ಇತ್ತು. ಹೋದೆ. ಅವಳು ಪಡಸಾಲೆಯ ನಡುವೆ ನಿಂತಿದ್ದಳು. ಪಕ್ಕದಲ್ಲಿ ಹಲಗೆ: "ಚಿಗವ್ವ ತುಂಬಿದಳ್ರಿ. ನೀವು ತುಂಬೂದು ಐತಿ."

ಆಟದಲ್ಲಿ ಉಡಿ ಎಲ್ಲಿಂದ ಬರಬೇಕು! ಆದರೆ ನಾನು ಹಿಂದಿನ ವಾರವೆಲ್ಲ ಅದಕ್ಕೇ ಹೊಂಚು ಹಾಕಿದ್ದೆ. ನಾವು ಮನೆಯ ಹಿತ್ತಲಿನಲ್ಲಿ ಬೆಳೆದ ಗೋಧಿ ಇತ್ತು. ಕುರಿಯ ತುಪ್ಪಳಕ್ಕೆ ಹಸಿರು ಬಣ್ಣ ಹಾಕಿ ಬಟ್ಟೆ ಮಾಡಿಟ್ಟಿದ್ದೆ. ಕೊಬ್ಬರಿ ಬಟ್ಟಲು ಇಲ್ಲ, ಅದಕ್ಕೆ ಕಾಡಿನ ಕೆಂಪು ಹಣ್ಣು. ಮಳೆಗಾಲ ಬಂತೆಂದು ಎರಡು ದಿನದ ಹಿಂದಷ್ಟೇ ಮಾಳಿಗೆಗೆ ಮಣ್ಣೂ ಹಾಕಿದ್ದೆ. ಕೂಸು ಬರುವ ಮನೆ ಸೋರಬಾರದಲ್ಲ. ಅವಳ ಎದುರಿಗೆ ನಿಂತು ಹಸಿರು ಬಟ್ಟೆ ಕೆಳಗಿಟ್ಟೆ, ಅವಳು ಮುಂದೆ ಬಂದು ಎತ್ತಿಕೊಂಡಳು. ಉಡಿಗೆ ಐದು ಬೊಗಸೆ ಹಾಕಬೇಕು. ಒಂದೊಂದು ಬೊಗಸೆಗೆ ಒಂದೊಂದು ಹಿಡಿ ಗೋಧಿ ನೆಲಕ್ಕಿಡುತ್ತ ಹೋದೆ. ಈ ಕಡೆ ನಾನು ಬಾಯಿಯೊಳಗೇ ಆರತಿ ಹಾಡು ಹೇಳಿಕೊಳ್ಳುತ್ತಿದ್ದೆ. ಒಂದಾಯಿತು, ಎರಡಾಯಿತು. ಮೂರನೆಯದನ್ನು ಅವಳು ಎತ್ತಿಕೊಂಡಳೋ ಇಲ್ಲವೋ, ಧಡಾರನೆ ಇಡೀ ಮಾಳಿಗೆ ಮಣ್ಣು ಸಮೇತ ನಮ್ಮಿಬ್ಬರ ತಲೆಯ ಮೇಲೆ ಕುಸಿಯಿತು. ಪರದೆಯ ತುಂಬ ಧೂಳು. ಧೂಳಿನೊಳಗಿಂದ ಅವಳ ತಲೆ ಮಾತ್ರ ಮೇಲೆ ಕಾಣುತ್ತಿತ್ತು, ತಲೆಯ ಮೇಲೆ ಒಂದು ಹೆಂಟೆ ಮಣ್ಣು.

ನನಗೆ ನಗು ತಡೆಯಲಾಗಲಿಲ್ಲ. ಆರು ತಿಂಗಳಿನಿಂದ ತಡೆದುಕೊಂಡಿದ್ದ ನಗುವೆಲ್ಲ ಒಮ್ಮೆಲೇ ಹೊರಬಂತು. ಅದೇ ಗಳಿಗೆಗೆ ಗೋಡೆಯ ಆ ಕಡೆ ಅವಳೂ ನಕ್ಕಳು, ಗಟ್ಟಿಯಾಗಿ, ಹೊಟ್ಟೆ ಹಿಡಿದುಕೊಂಡು ನಗುವ ನಗು. ಒಬ್ಬರ ನಗು ಕೇಳಿ ಇನ್ನೊಬ್ಬರಿಗೆ ಮತ್ತೂ ನಗು. ಎಷ್ಟೋ ಹೊತ್ತು.

ತಲೆಯೆತ್ತಿದರೆ ನಮ್ಮವರು ಎಂಜಲ ಕೈಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಏನ್ ನಡಸೀರಿ ಇಲ್ಲೆ? ಆ ಕಡೀ ಮಂದಿ ಕೂಡ ನಗತೀ ಏನು?"

ಆ ಕಡೆಯಿಂದಲೂ ಮೈದುನನ ಧ್ವನಿ ಕೇಳಿಸಿತು. ಮಾತು ಸ್ಪಷ್ಟವಿರಲಿಲ್ಲ, ಸಿಟ್ಟು ಸ್ಪಷ್ಟವಿತ್ತು. ನಾನು ನೋಡುತ್ತಿದ್ದಂತೆಯೇ ನನ್ನ ಮೊಬೈಲಿನ ಕಾಡು, ಧೂಳು, ಅವಳ ತಲೆ, ಎಲ್ಲ ಮಾಯವಾಗಿ ಪರದೆ ಖಾಲಿಯಾಯಿತು. ಅವನು ಅವಳ ಕೈಯಿಂದ ಮೊಬೈಲು ಕಸಿದು ಆಟವನ್ನೇ ಅಳಿಸಿದ ಎಂದು ಆಮೇಲೆ ತಿಳಿಯಿತು. ಅದರೊಂದಿಗೆ ನಾವು ಕಟ್ಟಿದ್ದೆಲ್ಲ ಹೋಯಿತು. ನಮ್ಮವರ ಜೊತೆ ನಾನು ಅವತ್ತು ಬಾಯಿ ತುಂಬ ಜಗಳಾಡಿದೆ. ನಿಮ್ಮ ಟ್ರ್ಯಾಕ್ಟರಿಗೆ ಬೆಂಕಿ ಬೀಳಲಿ ಅಂದೆ. ಅವರು ಕೈ ತೊಳೆದುಕೊಂಡು ಕಟ್ಟೆಗೆ ಹೋಗಿ ಕುಳಿತರು.

ನನ್ನನ್ನು ಕಾಡಿದ್ದು ಆಟ ಹೋದದ್ದಲ್ಲ. ಉಡಿ ಅರ್ಧಕ್ಕೆ ನಿಂತಿತಲ್ಲ, ಅದು. ಉಡಿ ತುಂಬುವಾಗ ನಡುವೆ ನಿಲ್ಲಿಸಬಾರದು ಎಂದು ಅತ್ತೆ ಎಷ್ಟು ಸಲ ಹೇಳಿದ್ದಳು. ಮೊಬೈಲಿನೊಳಗಿನ ಗೋಧಿಗೆ ಎಂಥ ಶಾಸ್ತ್ರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೂ ಪ್ರತಿ ಮಧ್ಯಾಹ್ನ ವೈಫೈ ತೆರೆದು ನೋಡುವೆ. ಉಳಿದ ಎರಡು ಬೊಗಸೆ ಹಾಕಿಬಿಟ್ಟರೆ ಸಾಕಾಗಿತ್ತು. ಆ ಹೆಸರು ಬರಲಿಲ್ಲ.

ಪಂಚಮಿಗೆ ಇನ್ನೂ ದಿನವಿರುವಾಗ ಒಂದು ಬೆಳಗ್ಗೆ ಆ ಕಡೆ ಗಡಿಬಿಡಿ. ಗಾಡಿ ಬಂತು, ಅವಳನ್ನು ಹತ್ತಿಸಿಕೊಂಡು ಹುಬ್ಬಳ್ಳಿಗೆ ಹೋದರು. ದಿನ ತುಂಬಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಗಾಡಿ ತಿರುಗಿ ಬಂದಾಗ ಕಿಟಕಿಯಿಂದ ನೋಡಿದೆ. ಮೈದುನ ಇಳಿದ, ಚಿಗವ್ವ ಇಳಿದಳು, ಅವಳನ್ನು ಇಬ್ಬರೂ ಹಿಡಿದು ಇಳಿಸಿದರು. ಯಾರ ಕೈಯಲ್ಲೂ ಕೂಸಿರಲಿಲ್ಲ.

ಆ ಕಡೆಯಿಂದ ಅಳು ಕೇಳಿಸೀತೆಂದು ಗೋಡೆಗೆ ಕಿವಿ ಹಚ್ಚಿದೆ. ಏನೂ ಕೇಳಿಸಲಿಲ್ಲ. ನಮ್ಮವರು ಊಟಕ್ಕೆ ಬಂದು ಕುಳಿತಿದ್ದರು. ತಾಟು ಅವರ ಮುಂದೆ ಇಟ್ಟು, ಆ ಕಡೆ ಹೋಗುತ್ತೇನೆ ಅಂದೆ. ಕೇಳಿದ್ದಲ್ಲ, ಹೇಳಿದ್ದು. ಅವರು ತಲೆ ಎತ್ತಲಿಲ್ಲ.

ಗೋಡೆ ಎದ್ದ ಮೇಲೆ ಅವರು ಬೀದಿಗೆ ಬೇರೆ ಬಾಗಿಲು ಇಡಿಸಿದ್ದರು. ನಾನು ಆ ಬಾಗಿಲು ದಾಟಿದವಳೇ ಅಲ್ಲ. ಮೈದುನ ಕಟ್ಟೆಯ ಮೇಲೆ ಮೊಣಕಾಲ ನಡುವೆ ತಲೆ ಇಟ್ಟು ಕುಳಿತಿದ್ದ. ನನ್ನ ಕಾಲು ಕಂಡು ಮುಖ ಎತ್ತಿದ. ಬೈದರೆ ಬೈಯಲಿ, ನಾನು ತಿರುಗಿ ಹೋಗುವವಳಲ್ಲ ಎಂದು ನಿಂತೆ.

"ಒಳಗ ಬರ್ರಿ, ವೈನಿ," ಅಂದ.

ಅವಳು ಗೋಡೆಗೆ ಹತ್ತಿ ಹಾಸಿದ ಜಮಖಾನೆಯ ಮೇಲೆ ಕುಳಿತಿದ್ದಳು. ನಾನು ಈ ಕಡೆಯಿಂದ ಕುಳಿತುಕೊಳ್ಳುತ್ತಿದ್ದ ಜಾಗಕ್ಕೆ ಸರಿಯಾಗಿ, ಆ ಕಡೆ. ಮುಖ ಒಣಗಿತ್ತು. ಹಸಿರು ಬಳೆ ಇನ್ನೂ ಕೈಯಲ್ಲಿದ್ದವು. ಗಂಡು ಕೂಸಂತೆ, ಹೊಟ್ಟೆಯಲ್ಲೇ ಹೋಗಿತ್ತಂತೆ, ಯಾರದೂ ತಪ್ಪಿಲ್ಲ ಎಂದು ಡಾಕ್ಟರು ಅಂದರಂತೆ. ಚಿಗವ್ವ ಮೆಲ್ಲಗೆ ಹೇಳಿದಳು. ನಾನು ನೆಗೆಣ್ಣಿಯ ಎದುರಿಗೆ ಕುಳಿತೆ. ಅವಳೇ ಬಾಯಿ ತೆರೆದಳು.

"ಎರಡ ಬೊಗಸಿ ಉಳದಿತ್ರಿ, ಅಕ್ಕಾರ."

ಅದರಲ್ಲಿ ಆಪಾದನೆ ಇರಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ. ಅದು ಆಟ, ಆಟದ ಗೋಧಿಯಿಂದ ಏನೂ ಆಗುವುದಿಲ್ಲ, ನೀನು ಓದಿದವಳು ಎಂದು ಏನೇನೋ ತೊದಲಿದೆ. ಗೊತ್ತು ಎಂಬಂತೆ ತಲೆ ಆಡಿಸಿದಳು. ಗೊತ್ತಿದ್ದೂ, ಮಡಿಲ ಮೇಲಿನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಒಡ್ಡಿದಳು.

ಚಿಗವ್ವ ಗಾಬರಿಯಾಗಿ ಮುಂದೆ ಬಂದಳು. ಕೂಸು ಹೋದ ಮನೆ, ಇದು ಉಡಿ ತುಂಬುವ ಹೊತ್ತಲ್ಲ, ಇಂಥದ್ದು ಎಲ್ಲೂ ಕೇಳಿಲ್ಲ ಅಂದಳು. ಚಿಗವ್ವ ಹೇಳಿದ್ದು ಸರಿ. ಎಲ್ಲೂ ಇಲ್ಲ. ನಾನು ಎದ್ದು, ನಾನೆಂದೂ ಕಾಲಿಡದ ಅವರ ಅಡುಗೆಮನೆಗೆ ಹೋಗಿ ಡಬ್ಬಿ ಹುಡುಕಿದೆ. ನಾನು ನಮ್ಮ ಅಡುಗೆಮನೆಯಲ್ಲಿ ಇಡುವ ಜಾಗದಲ್ಲೇ ನೆಗೆಣ್ಣಿ ಅಕ್ಕಿ ಇಟ್ಟಿದ್ದಳು. ಬೊಗಸೆ ತುಂಬಿಕೊಂಡು ಬಂದು ಅವಳ ಉಡಿಗೆ ಹಾಕಿದೆ. ಮತ್ತೆ ಹೋಗಿ ಇನ್ನೊಂದು ಬೊಗಸೆ ತಂದು ಹಾಕಿದೆ. ಸೆರಗು ಭಾರಕ್ಕೆ ಜಗ್ಗಿತು. ಅವಳು ಅದನ್ನು ಮಡಚಿ ಹೊಟ್ಟೆಗೆ ಅವಚಿಕೊಂಡಳು, ಆಗ ಅತ್ತಳು. ನಾನೂ ಅತ್ತೆ. ಮೆಲ್ಲಗೆ ಅಳಬೇಕೆಂಬ ಎಚ್ಚರ ಇಬ್ಬರಿಗೂ ಇರಲಿಲ್ಲ.

ಗೋಡೆಯ ಆ ಕಡೆ ನಮ್ಮವರು ಊಟಕ್ಕೆ ಕುಳಿತಿದ್ದರು. ಅವರಿಗೆ ಎಲ್ಲ ಕೇಳಿಸಿರಬೇಕು. ಏನು ನಡೆಸೀರಿ ಎಂದು ಅವತ್ತು ಯಾರೂ ಕೇಳಲಿಲ್ಲ. ಮನೆಗೆ ಬಂದಾಗ ಅವರ ತಾಟಿನಲ್ಲಿ ನಾನು ಇಕ್ಕಿದ ರೊಟ್ಟಿ ಇಟ್ಟ ಹಾಗೇ ಇತ್ತು.